ಪತ್ರಿಕೆಯ ಸುದ್ದಿ, ಜರ್ನಲ್ಲಿನ ಲೇಖನ: ಅಡಿಟಿಪ್ಪಣಿಗೆ ಯಾವ ಶೈಲಿ ಹಿಡಿಯೋಣ?

ಶಿರಸಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ದಪ್ಪ ವಹಿ ಇತ್ತು. ಅಜ್ಜ ಪೇಪರಿನಿಂದ ಕತ್ತರಿಸಿದ ಸುದ್ದಿಗಳನ್ನು ಮೈದಾ ಅಂಟು ಹಾಕಿ ಅದರಲ್ಲಿ ಅಂಟಿಸಿಡುತ್ತಿದ್ದರು. ಬೇಡ್ತಿ ಜಲವಿದ್ಯುತ್ ಯೋಜನೆಯ ವಿರೋಧ, ಅಪ್ಪಿಕೋ ಚಳವಳಿ, ಬೆಟ್ಟದ ಹಕ್ಕು (ತೋಟಕ್ಕೆ ಕಾಡಿನ ಸೊಪ್ಪು ತರುವ ಹಕ್ಕು), ಅಡಿಕೆ ಬೆಲೆ ಎಲ್ಲ ಅದರಲ್ಲಿತ್ತು. ಉತ್ತರ ಕನ್ನಡ ಜಿಲ್ಲೆಯ ಕಾಡಿನ ಹೋರಾಟಗಳ ಮೇಲೆ ಪಿಎಚ್.ಡಿ. ಮಾಡಲು ಹೊರಟಾಗ ಆ ವಹಿ ಸಿಕ್ಕಿದ್ದು ನನ್ನ ಪುಣ್ಯ. ಆದರೆ ಬರೆಯಲು ಕುಳಿತ ಮೊದಲ ದಿನವೇ ಕೈ ನಿಂತಿತು. ಅರ್ಧಕ್ಕರ್ಧ ತುಣುಕುಗಳ ಮೇಲೆ ಪತ್ರಿಕೆಯ ಹೆಸರಿಲ್ಲ, ತಾರೀಕಿಲ್ಲ. ಬರೆದವರ ಹೆಸರಂತೂ ಮೂರೋ ನಾಲ್ಕೋ ಕಡೆ ಮಾತ್ರ.

ಅಂಟು ಬಿಟ್ಟುಕೊಂಡಿದ್ದ ಒಂದು ತುಣುಕನ್ನು ಮೆಲ್ಲಗೆ ಮಗುಚಿ ನೋಡಿದೆ. ಹಿಂಬದಿಯಲ್ಲಿ ಶಿರಸಿ ಪೇಟೆಯ ಅಡಿಕೆ ಧಾರಣೆ ಇತ್ತು. ರಾಶಿ, ಚಾಲಿ, ಕೆಂಪುಗೋಟು, ತಟ್ಟಿಬೆಟ್ಟೆ ಎಂಬ ಬಗೆಗಳು, ಎದುರಿಗೆ ದರ, ಮೇಲೆ ತಾರೀಕು. ಧಾರಣೆ ಸಾಮಾನ್ಯವಾಗಿ ಹಿಂದಿನ ದಿನದ್ದು ಅಲ್ವಾ? ಹಾಗಾಗಿ ಮರುದಿನದ ಪೇಪರು ಇರಬೇಕೆಂದು ಧಾರವಾಡದಲ್ಲಿ ರಟ್ಟು ಕಟ್ಟಿಟ್ಟ ಹಳೆಯ ಸಂಪುಟಗಳನ್ನು ತಿರುವಿದೆ. ಎರಡನೇ ದಿನ ಸಿಕ್ಕಿತು. ಪತ್ರಿಕೆಯ ಹೆಸರು, ತಾರೀಕು, ಪುಟ, ಅಂಕಣ ಎಲ್ಲ ಬರೆದುಕೊಂಡೆ.

ಆಗ ಎದುರಾದ ಪ್ರಶ್ನೆಗೇ ಈ ಬರಹ. ಇಷ್ಟು ಕಷ್ಟಪಟ್ಟು ಕಲೆಹಾಕಿದ ವಿವರವನ್ನು ಯಾವ ಶೈಲಿಯಲ್ಲಿ ಬರೆದರೆ ಓದುವವರಿಗೆ ಅದೇ ಪುಟ ಸಿಗುತ್ತದೆ? ಶಿಕಾಗೋನಾ, ಎಂ.ಎಲ್.ಎ.ನಾ, ಎ.ಪಿ.ಎ.ನಾ? ಮೂರೂ ಆಕರಗಳನ್ನು ಹೇಗೆ ನಮೂದಿಸಬೇಕೆಂದು ಹೇಳುವ ಕೈಪಿಡಿಗಳು. ಈಗ ಕಾರವಾರ, ಕುಮಟಾ, ಅಂಕೋಲೆ, ಶಿರಸಿಯ ಕಾಲೇಜುಗಳಿಂದ ಸಂಶೋಧನೆಗೆ ಹೊರಟವರು ನನ್ನ ಹತ್ತಿರ ಇದನ್ನೇ ಕೇಳುತ್ತಾರೆ. ಗೈಡು ಒಂದು ಹೇಳುತ್ತಾರೆ, ಜರ್ನಲ್ ಒಂದು ಕೇಳುತ್ತದೆ, ಸೀನಿಯರ್ ಒಬ್ಬರ ಥೀಸಿಸ್ಸಿನಲ್ಲಿ ಮತ್ತೊಂದಿರುತ್ತದೆ.

ನನ್ನ ಅನುಭವದಲ್ಲಿ ಶೈಲಿಯಿಂದ ಶುರುಮಾಡಬಾರದು. ಮೊದಲು ನಿಮ್ಮ ಮೇಜಿನ ಮೇಲಿರುವ ರಾಶಿಯನ್ನು ನೋಡಿ. ಅದರಲ್ಲಿ ಹೆಸರು ಹಾಕಿ ಬರೆದ ಜರ್ನಲ್ ಲೇಖನಗಳು ಜಾಸ್ತಿ ಇವೆಯಾ, ಹೆಸರಿಲ್ಲದ ಪತ್ರಿಕೆ ಸುದ್ದಿಗಳು ಜಾಸ್ತಿ ಇವೆಯಾ? ಬಹುಪಾಲು ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಶೈಲಿಗಳ ಪರಿಚಯ

ಶಿಕಾಗೋ ಕೈಪಿಡಿ ಮೊದಲು ಅಚ್ಚಾದದ್ದು 1906ರಲ್ಲಿ. ಈಗಿನದು 18ನೇ ಆವೃತ್ತಿ, 2024ರದ್ದು. ಇದರೊಳಗೇ ಎರಡು ಪದ್ಧತಿಗಳಿವೆ. ಒಂದು ಅಡಿಟಿಪ್ಪಣಿ ಮತ್ತು ಗ್ರಂಥಸೂಚಿಯದು. ಇತಿಹಾಸದವರಿಗೆ ಪ್ರಿಯವಾದದ್ದು ಇದು. ಇನ್ನೊಂದು ವಾಕ್ಯದ ನಡುವೆ ಕಂಸದಲ್ಲಿ ಲೇಖಕರ ಹೆಸರು ಮತ್ತು ವರ್ಷ ಹಾಕುವುದು. ‘ಶಿಕಾಗೋ ಬಳಸಿ’ ಎಂದು ಯಾರಾದರೂ ಹೇಳಿದರೆ ಎರಡರಲ್ಲಿ ಯಾವುದು ಎಂದು ಅಲ್ಲೇ ಕೇಳಿಬಿಡಿ. ಇದನ್ನು ಕೇಳದೆ ಅಧ್ಯಾಯವನ್ನೇ ಮತ್ತೆ ಬರೆದವರನ್ನು ನೋಡಿದ್ದೇನೆ.

ಎಂ.ಎಲ್.ಎ. ಭಾಷೆ-ಸಾಹಿತ್ಯದವರದು. 9ನೇ ಆವೃತ್ತಿ 2021ರಲ್ಲಿ ಬಂತು. ಕಂಸದಲ್ಲಿ ಹೆಸರು ಮತ್ತು ಪುಟ, ವರ್ಷ ಇಲ್ಲ. ಎ.ಪಿ.ಎ. ಮನಃಶಾಸ್ತ್ರದವರು ಕಟ್ಟಿದ್ದು. ಶಿಕ್ಷಣ, ಸಮಾಜಕಾರ್ಯ, ಸಮಾಜ ವಿಜ್ಞಾನದ ಕಡೆ ಚಾಲ್ತಿಯಲ್ಲಿದೆ. 7ನೇ ಆವೃತ್ತಿ 2019ರದ್ದು. ಇದರಲ್ಲಿ ವರ್ಷವೇ ಮುಂದೆ. ಬ್ರಿಟನ್ನಿನ ಎಂ.ಎಚ್.ಆರ್.ಎ. ಎಂಬುದೂ ಒಂದಿದೆ. ಅಡಿಟಿಪ್ಪಣಿಯ ಪದ್ಧತಿಯೇ, ಶಿಕಾಗೋಗೆ ಹತ್ತಿರ. ಅಲ್ಲಿಯ ಪತ್ರಿಕೆಗೆ ಲೇಖನ ಕಳಿಸುವವರು ಅದನ್ನು ನೋಡಿಕೊಂಡರೆ ಸಾಕು.

ಜರ್ನಲ್ ಲೇಖನ: ಇಲ್ಲಿ ಯಾವುದಾದರೂ ನಡೆಯುತ್ತದೆ

ಪರಿಸರ ಹೋರಾಟಗಳ ಬಗ್ಗೆ ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ 1994ರಲ್ಲಿ ಬರೆದ ಒಂದು ಲೇಖನವಿದೆ. ನೀವು ಎತ್ತಿಕೊಂಡ ಮಾತು ಅದರ 110ನೇ ಪುಟದಲ್ಲಿದೆ ಎಂದು ಇಟ್ಟುಕೊಳ್ಳಿ.

ಶಿಕಾಗೋ ಅಡಿಟಿಪ್ಪಣಿ:
ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ, “ಇಕಾಲಾಜಿಕಲ್ ಕಾನ್‌ಫ್ಲಿಕ್ಟ್ಸ್ ಆಂಡ್ ದಿ ಎನ್ವಿರಾನ್‌ಮೆಂಟಲ್ ಮೂವ್‌ಮೆಂಟ್ ಇನ್ ಇಂಡಿಯಾ,” ಡೆವಲಪ್‌ಮೆಂಟ್ ಆಂಡ್ ಚೇಂಜ್ 25, ಸಂಚಿಕೆ 1 (1994): 110.

ಎಂ.ಎಲ್.ಎ. ಪಟ್ಟಿಯಲ್ಲಿ (ಬರಹದ ಕೊನೆಗೆ ಬರುವ ಆಕರಗಳ ಪಟ್ಟಿ):
ಗಾಡ್ಗೀಳ್, ಮಾಧವ, ಮತ್ತು ರಾಮಚಂದ್ರ ಗುಹಾ. “ಇಕಾಲಾಜಿಕಲ್ ಕಾನ್‌ಫ್ಲಿಕ್ಟ್ಸ್ ಆಂಡ್ ದಿ ಎನ್ವಿರಾನ್‌ಮೆಂಟಲ್ ಮೂವ್‌ಮೆಂಟ್ ಇನ್ ಇಂಡಿಯಾ.” ಡೆವಲಪ್‌ಮೆಂಟ್ ಆಂಡ್ ಚೇಂಜ್, ಸಂಪುಟ 25, ಸಂಚಿಕೆ 1, 1994, ಪು. 101–136.

ಎ.ಪಿ.ಎ. ಪಟ್ಟಿಯಲ್ಲಿ:
ಗಾಡ್ಗೀಳ್, ಮಾ., ಮತ್ತು ಗುಹಾ, ರಾ. (1994). ಇಕಾಲಾಜಿಕಲ್ ಕಾನ್‌ಫ್ಲಿಕ್ಟ್ಸ್ ಆಂಡ್ ದಿ ಎನ್ವಿರಾನ್‌ಮೆಂಟಲ್ ಮೂವ್‌ಮೆಂಟ್ ಇನ್ ಇಂಡಿಯಾ. ಡೆವಲಪ್‌ಮೆಂಟ್ ಆಂಡ್ ಚೇಂಜ್, 25(1), 101–136.

ಮೂರರಲ್ಲೂ ಸರಕು ಒಂದೇ. ಜೋಡಿಸುವ ಕ್ರಮ ಮಾತ್ರ ಬೇರೆ. ಅಡಿಟಿಪ್ಪಣಿಯಲ್ಲಿ ನೀವು ಓದಿದ ಆ ಒಂದು ಪುಟ ಬರುತ್ತದೆ. ಪಟ್ಟಿಯಲ್ಲಿ ಲೇಖನದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬರುತ್ತದೆ. ಇವೆರಡು ಅದಲುಬದಲಾಗುವುದೇ ನಾನು ಜಾಸ್ತಿ ಕಾಣುವ ತಪ್ಪು. ಇನ್ನೊಂದು ಮಾತು: ಎ.ಪಿ.ಎ.ಯಲ್ಲಿ ನೇರವಾಗಿ ಉಲ್ಲೇಖಿಸಿದ ಸಾಲಿಗೆ ಪುಟ ಕಡ್ಡಾಯ, ಸ್ವಂತ ಮಾತಿನಲ್ಲಿ ಹೇಳಿದ್ದಕ್ಕೆ ಕಡ್ಡಾಯವಲ್ಲ. ಕಡ್ಡಾಯವಿರಲಿ ಬಿಡಲಿ, ಹಾಕಿಬಿಡಿ. ಮೂವತ್ತಾರು ಪುಟದ ಲೇಖನದಲ್ಲಿ ಒಂದು ಮಾತು ಹುಡುಕುವ ಕಷ್ಟವನ್ನು ಬೇರೆಯವರಿಗೆ ಯಾಕೆ ಕೊಡಬೇಕು?

ಎ.ಪಿ.ಎ. ನಮ್ಮ ಜಿಲ್ಲೆಗೆ ಹೊಂದದೇ ಇರುವ ಒಂದು ಜಾಗವಿದೆ. ಅದು ಲೇಖಕರ ಹೆಸರನ್ನು ಒಂದಕ್ಷರಕ್ಕೆ ಇಳಿಸುತ್ತದೆ. ಗಣಪತಿ ಹೆಗಡೆ, ಗಜಾನನ ಹೆಗಡೆ, ಗಣೇಶ ಹೆಗಡೆ ಮೂವರೂ ‘ಹೆಗಡೆ, ಗ.’ ಆಗುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಈ ಹೆಸರಿನವರು ಎಷ್ಟು ಜನ! ಅಂಕೋಲೆಗೆ ಹೋದರೆ ‘ನಾಯಕ’ರು, ಹೊನ್ನಾವರ-ಭಟ್ಕಳದ ಕಡೆ ‘ನಾಯ್ಕ’ರು. ‘ನಾಯಕ’ ಮತ್ತು ‘ನಾಯ್ಕ’ ಬೇರೆ ಬೇರೆ ಎಂಬುದು ನಮಗೆ ಗೊತ್ತು, ಹೊರಗಿನ ಓದುಗರಿಗೆ ಗೊತ್ತಿರುವುದಿಲ್ಲ. ಸ್ಥಳೀಯ ಲೇಖಕರೇ ತುಂಬಿರುವ ಪಟ್ಟಿಯಾದರೆ ಪೂರ್ತಿ ಹೆಸರು ಉಳಿಸುವ ಶಿಕಾಗೋ ಅಥವಾ ಎಂ.ಎಲ್.ಎ. ಒಳ್ಳೆಯದು.

ಪತ್ರಿಕೆಯ ಸುದ್ದಿ: ನಿಜವಾದ ವ್ಯತ್ಯಾಸ ಕಾಣುವುದು ಇಲ್ಲೇ

ಉದಾಹರಣೆಗೆಂದು ನಾನೇ ಒಂದು ಸುದ್ದಿ ಕಟ್ಟುತ್ತೇನೆ. ಪತ್ರಿಕೆಯನ್ನು ಸುಮ್ನೆ ‘ಪತ್ರಿಕೆ’ ಎಂದೇ ಕರೆಯೋಣ. ತಲೆಬರಹ ‘ಕಡಲ್ಕೊರೆತ: ಮೂರು ಮನೆ ಅಪಾಯದಲ್ಲಿ’. ಕೆಳಗೆ ‘ಕುಮಟಾ, ಜು. 11’ ಎಂದಿದೆ. ಪೇಪರು 2019ರ ಜುಲೈ 12ರದ್ದು, ಹುಬ್ಬಳ್ಳಿ ಆವೃತ್ತಿ, 3ನೇ ಪುಟ. ಬರೆದವರ ಹೆಸರಿಲ್ಲ.

ಶಿಕಾಗೋ ಅಡಿಟಿಪ್ಪಣಿ:
“ಕಡಲ್ಕೊರೆತ: ಮೂರು ಮನೆ ಅಪಾಯದಲ್ಲಿ,” ಪತ್ರಿಕೆ, ಜುಲೈ 12, 2019, ಹುಬ್ಬಳ್ಳಿ ಆವೃತ್ತಿ.

ಎಂ.ಎಲ್.ಎ.:
“ಕಡಲ್ಕೊರೆತ: ಮೂರು ಮನೆ ಅಪಾಯದಲ್ಲಿ.” ಪತ್ರಿಕೆ, ಹುಬ್ಬಳ್ಳಿ ಆವೃತ್ತಿ, 12 ಜುಲೈ 2019, ಪು. 3.

ಎ.ಪಿ.ಎ.:
ಕಡಲ್ಕೊರೆತ: ಮೂರು ಮನೆ ಅಪಾಯದಲ್ಲಿ. (2019, ಜುಲೈ 12). ಪತ್ರಿಕೆ, 3.

ಒಂದೇ ಸುದ್ದಿಯಾದರೆ ಯಾವುದೂ ಕಷ್ಟವಿಲ್ಲ. ಇಂಥವು ನಲವತ್ತು ಇದ್ದರೆ? ಎ.ಪಿ.ಎ. ಮತ್ತು ಎಂ.ಎಲ್.ಎ.ಯಲ್ಲಿ ಹೆಸರಿಲ್ಲದ ಸುದ್ದಿಯ ತಲೆಬರಹವೇ ಲೇಖಕರ ಜಾಗಕ್ಕೆ ಬರುತ್ತದೆ. ಪಟ್ಟಿ ಅಕಾರಾದಿ. ಹಾಗಾಗಿ ನಿಮ್ಮ ಸುದ್ದಿಗಳು ತಲೆಬರಹದ ಮೊದಲ ಅಕ್ಷರ ಹಿಡಿದು ಪಟ್ಟಿಯ ತುಂಬ ಚೆದುರಿಹೋಗುತ್ತವೆ. ಕಡಲ್ಕೊರೆತ ಪ್ರತಿ ಮಳೆಗಾಲದ ಸುದ್ದಿ. 2017ರ ಕಡಲ್ಕೊರೆತ, 2018ರದ್ದು, 2019ರದ್ದು ಒಂದರ ಕೆಳಗೊಂದು ಬಂದು ಕೂರುತ್ತವೆ. ಬರಹದ ನಡುವೆ ಕಂಸದಲ್ಲಿ ‘(“ಕಡಲ್ಕೊರೆತ,” 2019)’ ಎಂದು ಓದಿದವರಿಗೆ ಇದು ಯಾವ ಪತ್ರಿಕೆ ಎಂಬುದೇ ತಿಳಿಯುವುದಿಲ್ಲ. ಅದನ್ನು ತಿಳಿಯಲು ಥೀಸಿಸ್ಸಿನ ಕೊನೆಗೆ ಹೋಗಬೇಕು. ಇತಿಹಾಸ ಓದುವವರಿಗೆ ಯಾವ ಪತ್ರಿಕೆ, ಯಾವ ದಿನ ಎಂಬುದೇ ಮೊದಲು ಬೇಕಾದದ್ದು. ಅದು ಅದೇ ಪುಟದ ಕೆಳಗೆ ಕಾಣಬೇಕು.

ಶಿಕಾಗೋದವರು ಇದಕ್ಕೆ ಒಳ್ಳೆಯ ದಾರಿ ಮಾಡಿದ್ದಾರೆ. ಪತ್ರಿಕೆಯ ಸುದ್ದಿಯನ್ನು ಅಡಿಟಿಪ್ಪಣಿಯಲ್ಲಿ ಪೂರ್ತಿ ಕೊಟ್ಟರೆ ಸಾಕು, ಗ್ರಂಥಸೂಚಿಯಲ್ಲಿ ಮತ್ತೆ ಒಂದೊಂದಾಗಿ ಬರೆಯುವುದು ಕಡ್ಡಾಯವಿಲ್ಲ. ಬರೆಯಲೇಬೇಕೆಂದರೆ ಹೆಸರಿಲ್ಲದ ಸುದ್ದಿಗೆ ಪತ್ರಿಕೆಯ ಹೆಸರೇ ಲೇಖಕರ ಜಾಗದಲ್ಲಿ ನಿಲ್ಲುತ್ತದೆ. ಆಗ ಒಂದು ಪತ್ರಿಕೆಯ ಎಲ್ಲ ಸುದ್ದಿಗಳೂ ಒಂದೇ ಕಡೆ ಸೇರುತ್ತವೆ. ನನ್ನ ಥೀಸಿಸ್ಸಿನ ಕೊನೆಯಲ್ಲಿ ಪತ್ರಿಕೆಗಳ ಹೆಸರು, ಊರು, ನಾನು ನೋಡಿದ ವರ್ಷಗಳು, ಯಾವ ಗ್ರಂಥಾಲಯದಲ್ಲಿ ನೋಡಿದ್ದು, ಇಷ್ಟನ್ನು ಮಾತ್ರ ಒಂದು ಚಿಕ್ಕ ಪಟ್ಟಿ ಮಾಡಿದೆ. ನನ್ನ ನಂತರ ಅದೇ ಪತ್ರಿಕೆ ಹುಡುಕಿ ಬಂದವರಿಗೆ ಬಹಳ ಉಪಯೋಗಕ್ಕೆ ಬಿದ್ದದ್ದು ಆ ಪಟ್ಟಿಯೇ.

ಶಿಕಾಗೋದ ಒಂದು ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಪತ್ರಿಕೆಗೆ ಪುಟಸಂಖ್ಯೆ ಬೇಡ ಎನ್ನುತ್ತಾರೆ. ಒಂದೇ ದಿನದ ಬೇರೆ ಬೇರೆ ಆವೃತ್ತಿಗಳಲ್ಲಿ ಸುದ್ದಿಯ ಪುಟ ಬದಲಾಗುತ್ತದೆ ಎಂಬುದು ಕಾರಣ. ಕಾರಣ ಸರಿಯೇ. ಆದರೆ ರಟ್ಟು ಕಟ್ಟಿದ ಹಳೆಯ ಸಂಪುಟದಲ್ಲಿ, ಅಂಗುಲ ಜಾಗ ಬಿಡದೆ ಸಣ್ಣಕ್ಷರದಲ್ಲಿ ತುಂಬಿದ ಪುಟದಲ್ಲಿ, ಎಂಟು ಸಾಲಿನ ಒಂದು ಸುದ್ದಿ ಹುಡುಕಿ ನೋಡಿ. ಹಳೆಯ ಪತ್ರಿಕೆಗೆ ನಾನು ಪುಟ ಮತ್ತು ಅಂಕಣ ಎರಡನ್ನೂ ಹಾಕುತ್ತೇನೆ: ಪು. 3, ಅಂಕಣ 5. ಹಾಕಿದ್ದು ತಪ್ಪು ಎಂದು ಇದುವರೆಗೆ ಯಾರೂ ಹೇಳಿಲ್ಲ.

ಈಗಿನ ಪತ್ರಿಕೆಗಳಿಗೆ ಪುಟಕ್ಕಿಂತ ಆವೃತ್ತಿಯೇ ಮುಖ್ಯ. ನಮ್ಮ ಜಿಲ್ಲಾ ಪುಟದಲ್ಲಿ ಬಂದ ಸುದ್ದಿ ಅದೇ ದಿನದ ಬೆಂಗಳೂರು ಆವೃತ್ತಿಯಲ್ಲಿ ಇರುವುದೇ ಇಲ್ಲ ಅಲ್ವಾ? ಆವೃತ್ತಿ ಬರೆಯದಿದ್ದರೆ ಬೆಂಗಳೂರಿನಲ್ಲಿ ಕುಳಿತು ಪರಿಶೀಲಿಸುವವರು ‘ಇಂಥ ಸುದ್ದಿಯೇ ಇಲ್ಲ’ ಎಂದು ಬರೆದುಬಿಡಬಹುದು. ಒಬ್ಬ ವಿದ್ಯಾರ್ಥಿಗೆ ಹಾಗೇ ಆಯಿತು. ಪಾಪ, ಆ ಹುಡುಗ ಇ-ಪೇಪರಿನ ಪ್ರಿಂಟ್ ತೆಗೆದು ಕಳಿಸಿ ಸಾಬೀತು ಮಾಡಬೇಕಾಯಿತು.

ಪತ್ರಿಕೆಯ ಊರಿನ ವಿಷಯದಲ್ಲಿ ಎಂ.ಎಲ್.ಎ. ಮುಂದಿದೆ. ಹೆಸರಿನಲ್ಲಿ ಊರಿಲ್ಲದ ಸ್ಥಳೀಯ ಪತ್ರಿಕೆಗೆ ಚೌಕ ಕಂಸದಲ್ಲಿ ಊರು ಸೇರಿಸಿ ಎನ್ನುತ್ತದೆ. ದಿನಕರ ದೇಸಾಯಿಯವರ ಜನಸೇವಕ ವಾರಪತ್ರಿಕೆಯನ್ನು ಉಲ್ಲೇಖಿಸುವಾಗ ‘ಜನಸೇವಕ [ಅಂಕೋಲಾ]’ ಎಂದು ಬರೆದರೆ ಅದೇ ಹೆಸರಿನ ಬೇರೆ ಪತ್ರಿಕೆಯ ಜೊತೆ ಕಲಸುವುದಿಲ್ಲ. ನೀವು ಯಾವ ಶೈಲಿ ಹಿಡಿದರೂ ಈ ಅಭ್ಯಾಸವನ್ನು ಎತ್ತಿಕೊಳ್ಳಿ.

ಇನ್ನು ತಾರೀಕು. ಸುದ್ದಿಯ ಮೊದಲಿಗೆ ‘ಕುಮಟಾ, ಜು. 11’ ಎಂದಿರುವುದು ಸುದ್ದಿ ಕಳಿಸಿದ ದಿನ. ನೀವು ಬರೆಯಬೇಕಾದದ್ದು ಪೇಪರಿನ ನೆತ್ತಿಯ ಮೇಲಿರುವ ತಾರೀಕು. ಹಳೆಯ ಕಾಲಕ್ಕೆ ಹೋದಂತೆ ಇವೆರಡರ ಅಂತರ ಹೆಚ್ಚು. ಅಂಕೋಲೆಯ ಉಪ್ಪಿನ ಸತ್ಯಾಗ್ರಹ ನಡೆದದ್ದು 1930ರ ಏಪ್ರಿಲ್ 13ರಂದು. ಅಂದಿನ ದಾರಿ, ಅಂದಿನ ಟಪಾಲಿನಲ್ಲಿ ಸುದ್ದಿ ಮುಂಬಯಿ ಮುಟ್ಟಿ ಅಚ್ಚಾಗಬೇಕಲ್ಲ. ಘಟನೆಯ ದಿನವನ್ನೇ ಪತ್ರಿಕೆಯ ದಿನ ಎಂದು ಬರೆದುಬಿಟ್ಟರೆ ಆ ದಿನದ ಸಂಚಿಕೆಯಲ್ಲಿ ಏನೂ ಸಿಗುವುದಿಲ್ಲ. ಮುಂಬಯಿ ಯಾಕೆಂದರೆ, 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರವರೆಗೆ ಅಲ್ಲೇ ಇತ್ತು. ಹಾಗಾಗಿ ನಮ್ಮ ಕಾಗದಪತ್ರ ಹುಡುಕುವವರು ಮುಂಬಯಿಯ ಸರ್ಕಾರಿ ದಾಖಲೆ ಕಚೇರಿಗೂ ಹೋಗಬೇಕಾಗುತ್ತದೆ.

ತಾರೀಕನ್ನು 8-9-1983 ಎಂದು ಬರೆಯಬೇಡಿ. ಅಪ್ಪಿಕೋ ಚಳವಳಿಯಲ್ಲಿ ಸಲ್ಕಣಿಯ ಜನ ಕಳಸೆಯ ಕಾಡಿನಲ್ಲಿ ಮರ ಅಪ್ಪಿದ ದಿನ ಅದು, ಸೆಪ್ಟೆಂಬರ್ 8. ಅಮೆರಿಕದವರು ಅದನ್ನು ಆಗಸ್ಟ್ 9 ಎಂದು ಓದುತ್ತಾರೆ. ತಿಂಗಳನ್ನು ಅಕ್ಷರದಲ್ಲಿ ಬರೆದರೆ ತಕರಾರಿಲ್ಲ. ‘8 ಸೆಪ್ಟೆಂಬರ್ 1983’ ಎಂಬ ಎಂ.ಎಲ್.ಎ. ಕ್ರಮ ಕನ್ನಡದಲ್ಲಿ ಸಲೀಸಾಗಿ ಓದಿಸಿಕೊಳ್ಳುತ್ತದೆ.

‘ನಮ್ಮ ಪ್ರತಿನಿಧಿಯಿಂದ’, ‘ಪ್ರಜಾವಾಣಿ ವಾರ್ತೆ’ ಎಂದಿದ್ದರೆ ಅದನ್ನು ಲೇಖಕರ ಹೆಸರು ಎಂದುಕೊಳ್ಳಬೇಡಿ. ಅದು ಹೆಸರಿಲ್ಲದ ಸುದ್ದಿಯೇ. ಸಂಪಾದಕೀಯವಾದರೆ ಸಂಪಾದಕೀಯ ಎಂದು, ವಾಚಕರ ವಾಣಿಗೆ ಬರೆದ ಪತ್ರವಾದರೆ ಪತ್ರ ಎಂದು ನಮೂದಿಸಿ. ಒಬ್ಬ ಓದುಗರ ಅಭಿಪ್ರಾಯವನ್ನು ಪತ್ರಿಕೆಯ ವರದಿ ಎಂದು ತೋರಿಸುವುದು ಆ ಓದುಗರಿಗೂ ಪತ್ರಿಕೆಗೂ ಮಾಡಿದ ಅನ್ಯಾಯ.

ಕನ್ನಡಕ್ಕೇ ಇರುವ ತೊಡಕುಗಳು

ಈ ಕೈಪಿಡಿಗಳು ಯಾವುವೂ ಕನ್ನಡಕ್ಕೆಂದು ಬರೆದವಲ್ಲ. ಒಂದಷ್ಟನ್ನು ನಾವೇ ತೀರ್ಮಾನಿಸಿಕೊಳ್ಳಬೇಕು.

‘ಸಂ.’ ಎಂಬ ಸಂಕ್ಷೇಪವನ್ನೇ ನೋಡಿ. ಸಂಪುಟಕ್ಕೂ ‘ಸಂ.’, ಸಂಚಿಕೆಗೂ ‘ಸಂ.’, ಸಂಪಾದಕರಿಗೂ ‘ಸಂ.’, ಸಂಖ್ಯೆಗೂ ‘ಸಂ.’! ಒಂದು ಕರಡಿನಲ್ಲಿ ‘ಸಂ. 12, ಸಂ. 3’ ಎಂದಿತ್ತು. ಯಾವುದು ಯಾವುದೆಂದು ಬರೆದವರಿಗೇ ಆಮೇಲೆ ನೆನಪಾಗಲಿಲ್ಲ. ‘ಸಂಪುಟ’, ‘ಸಂಚಿಕೆ’ ಎಂದು ಪೂರ್ತಿ ಬರೆಯಿರಿ. ಎರಡಕ್ಷರ ಉಳಿಸಿ ಏನಾಗಬೇಕು? ಎ.ಪಿ.ಎ.ಯ 12(3) ರೂಪದಲ್ಲಿ ಈ ತೊಡಕೇ ಇಲ್ಲ ಎಂಬುದು ಅದರ ದೊಡ್ಡ ಗುಣ.

ಹಳೆಯ ಕನ್ನಡ ನಿಯತಕಾಲಿಕಗಳಲ್ಲಿ ಸಂವತ್ಸರ ಮತ್ತು ಮಾಸ ಮಾತ್ರ ಇರುವುದುಂಟು. ‘ಪ್ರಮೋದೂತ ಸಂವತ್ಸರ, ಶ್ರಾವಣ’ ಎಂದಿದ್ದರೆ ಅದು 1930. ಅದೇ ‘ಪ್ರಮೋದೂತ, ಮಾಘ’ ಎಂದಿದ್ದರೆ 1931, ಯಾಕೆಂದರೆ ಸಂವತ್ಸರ ಯುಗಾದಿಯಿಂದ ಯುಗಾದಿಗೆ ನಡೆಯುತ್ತದೆ, ಮಾಘ ಬರುವುದು ಜನವರಿ-ಫೆಬ್ರವರಿಯ ಹೊತ್ತಿಗೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ ಎಂಬುದೂ ನೆನಪಿರಲಿ. ವರ್ಷವನ್ನೇ ಹೆಗಲ ಮೇಲೆ ಹೊತ್ತ ಎ.ಪಿ.ಎ.ಯಲ್ಲಿ ಇದೊಂದು ತಪ್ಪಿದರೆ ಥೀಸಿಸ್ಸಿನ ಉದ್ದಕ್ಕೂ ತಪ್ಪು. ಶಿಕಾಗೋ ಅಡಿಟಿಪ್ಪಣಿಯಲ್ಲಿ ಮೂಲದಲ್ಲಿದ್ದಂತೆ ಬರೆದು ಪಕ್ಕದಲ್ಲಿ ಚೌಕ ಕಂಸ ಹಾಕಬಹುದು: ಪ್ರಮೋದೂತ ಸಂವತ್ಸರ, ಮಾಘ [1931]. ಮೂಲ ಯಾವುದು, ನಿಮ್ಮ ಲೆಕ್ಕ ಯಾವುದು ಎಂದು ಎರಡೂ ಕಾಣುತ್ತದೆ.

ಹೆಸರನ್ನು ಹಿಂದುಮುಂದು ಮಾಡುವಾಗಲೂ ಯೋಚಿಸಬೇಕು. ‘ಗೌರೀಶ ಕಾಯ್ಕಿಣಿ’ ಎಂಬುದು ‘ಕಾಯ್ಕಿಣಿ, ಗೌರೀಶ’ ಆಗುತ್ತದೆ, ಸರಿ. ಇನಿಶಿಯಲ್ ಮುಂದಿದ್ದು ಕೊನೆಯಲ್ಲಿ ಅವರ ಸ್ವಂತ ಹೆಸರೇ ಇರುವವರೂ ಇದ್ದಾರೆ. ಅವರದು ‘ಸುಬ್ಬಣ್ಣ, ಕೆ.ವಿ.’ ಎಂಬಂತೆ ಬರುತ್ತದೆ. ಅಲ್ಲಿ ‘ಸುಬ್ಬಣ್ಣ’ ಮನೆತನದ ಹೆಸರಲ್ಲ, ಆದರೆ ಜನ ಹುಡುಕುವುದು ಆ ಹೆಸರನ್ನೇ. ಪೂರ್ತಿ ಕನ್ನಡದ ಪಟ್ಟಿಯಲ್ಲಿ ಹೆಸರನ್ನು ತಿರುಗಿಸದೆ ಇದ್ದಂತೆಯೇ ಕೊಡುವ ರೂಢಿಯೂ ನಮ್ಮಲ್ಲಿದೆ. ಯಾವುದಾದರೂ ಸರಿ, ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಇರಲಿ.

ಓರೆ ಅಕ್ಷರದ ವಿಷಯವೂ ಇದೆ. ಜರ್ನಲ್ಲಿನ ಹೆಸರು ಓರೆಯಾಗಿರಬೇಕು ಎಂದು ಮೂರೂ ಶೈಲಿಗಳು ಹೇಳುತ್ತವೆ. ಕನ್ನಡ ಅಕ್ಷರ ಓರೆಯಾದರೆ ಒತ್ತಕ್ಷರ ಓದಲು ಕಷ್ಟ. ನಾನು ದಪ್ಪಕ್ಷರ ಬಳಸುತ್ತೇನೆ, ಗೈಡಿನ ಒಪ್ಪಿಗೆ ಪಡೆದು.

‘ಅದೇ’ ಎಂಬ ಅಪಾಯ

ಇದನ್ನು ನಾನು ನನ್ನ ಥೀಸಿಸ್ಸಿನಲ್ಲೇ ಅನುಭವಿಸಿದ್ದು. ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ 15ನೇ ಸಂಪುಟ ನಮ್ಮ ಜಿಲ್ಲೆಯದು, 1883ರದ್ದು, ಎರಡು ಭಾಗ. ಅದರಿಂದ ಸಾಲಾಗಿ ಎರಡು ಮಾತು ಎತ್ತಿಕೊಂಡಿದ್ದೆ. ಮೊದಲ ಟಿಪ್ಪಣಿಯಲ್ಲಿ ಪೂರ್ತಿ ವಿವರ, ಎರಡನೆಯದರಲ್ಲಿ ‘ಅದೇ, ಪು. 231’, ಅಂದರೆ ಹಿಂದಿನ ಟಿಪ್ಪಣಿಯ ಪುಸ್ತಕವೇ. ಆಮೇಲೆ ತಿದ್ದುವಾಗ ಇವೆರಡರ ನಡುವೆ ಒಂದು ಪ್ಯಾರಾ ಸೇರಿಸಿದೆ, ಅದಕ್ಕೊಂದು ಪತ್ರಿಕೆ ಸುದ್ದಿಯ ಟಿಪ್ಪಣಿ ಬಂತು. ಸಂಖ್ಯೆಗಳನ್ನು ಕಂಪ್ಯೂಟರ್ ತಾನೇ ಸರಿಮಾಡಿತು. ‘ಅದೇ’ ಮಾತ್ರ ಇದ್ದಲ್ಲೇ ಇತ್ತು, ಈಗ ಅದು ಪತ್ರಿಕೆಯನ್ನು ತೋರಿಸುತ್ತಿತ್ತು. ವೈವಾದ (ಮೌಖಿಕ ಪರೀಕ್ಷೆಯ) ದಿನ ಪರೀಕ್ಷಕರು ಆ ಪುಟ ತೆರೆದು ಕೇಳಿದರು: “ಅಲ್ಲ ತಂಗಿ, ಈ ಪೇಪರಿಗೆ 231 ಪುಟ ಇತ್ತಾ?” ನನಗೆ ಮಾತೇ ಹೊರಡಲಿಲ್ಲ. ಅದೊಂದು ತಪ್ಪಿನಿಂದ ಉಳಿದ ಟಿಪ್ಪಣಿಗಳ ಮೇಲೂ ಅವರಿಗೆ ಅನುಮಾನ ಬಂತು, ಬರುವುದು ನ್ಯಾಯವೇ.

ಶಿಕಾಗೋ 2017ರ 17ನೇ ಆವೃತ್ತಿಯಿಂದಲೇ ಇದರ ಬದಲು ಚಿಕ್ಕ ರೂಪ ಬಳಸಿ ಎನ್ನುತ್ತಿದೆ. ಮೊದಲ ಬಾರಿ ಪೂರ್ತಿ ವಿವರ. ಮುಂದೆ ‘ಗಾಡ್ಗೀಳ್ ಮತ್ತು ಗುಹಾ, “ಇಕಾಲಾಜಿಕಲ್ ಕಾನ್‌ಫ್ಲಿಕ್ಟ್ಸ್,” 112’ ಎಂದಷ್ಟೇ. ನಡುವೆ ಏನು ಸೇರಿಸಿದರೂ ಕೆಡುವುದಿಲ್ಲ. ಕನ್ನಡದಲ್ಲಿ ‘ಅದೇ’, ‘ಪೂರ್ವೋಕ್ತ’ ಇನ್ನೂ ಬಹಳ ಬಳಕೆಯಲ್ಲಿವೆ. ನಿಮ್ಮ ಗೈಡು ಬೇಕೇಬೇಕು ಎಂದರೆ ಬರಹ ಪೂರ್ತಿ ಮುಗಿದ ಮೇಲೆ, ಕೊನೆಯ ದಿನ ಹಾಕಿ. ಎಂ.ಎಲ್.ಎ., ಎ.ಪಿ.ಎ.ಯಲ್ಲಿ ಈ ಕಾಟವೇ ಇಲ್ಲ, ಕಂಸದಲ್ಲಿ ಹೆಸರು ಪ್ರತಿ ಸಲವೂ ಬರುತ್ತದೆ.

ಇಂಗ್ಲಿಷ್ ಥೀಸಿಸ್ಸಿನಲ್ಲಿ ಕನ್ನಡ ಪತ್ರಿಕೆ

ಕಾರವಾರದ ಕಡೆ ಇತಿಹಾಸ, ಅರ್ಥಶಾಸ್ತ್ರದವರು ಬಹಳ ಮಂದಿ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಕನ್ನಡದ ತಲೆಬರಹವನ್ನು ರೋಮನ್ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಚೌಕ ಕಂಸದಲ್ಲಿ ಇಂಗ್ಲಿಷ್ ಅರ್ಥ ಕೊಡುವುದು ವಾಡಿಕೆ. ಎ.ಪಿ.ಎ.ಯಲ್ಲಿ ಈ ಅರ್ಥ ಕೊಡಲೇಬೇಕು, ಉಳಿದೆರಡರಲ್ಲಿ ಕೊಟ್ಟರೆ ಒಳ್ಳೆಯದು. ಅರ್ಥ ಮಾತ್ರ ಕೊಟ್ಟು ಕನ್ನಡದ ತಲೆಬರಹ ಬಿಡಬೇಡಿ. ಅನುವಾದದ ತಲೆಬರಹ ಇಟ್ಟುಕೊಂಡು ಕನ್ನಡ ಪತ್ರಿಕೆಯಲ್ಲಿ ಯಾರು ಏನು ಹುಡುಕಬೇಕು?

ಸಾಫ್ಟ್‌ವೇರ್ ಎಷ್ಟು ನೆರವಾಗುತ್ತದೆ?

ಆಕರಗಳ ವಿವರ ಕೂಡಿಡುವ ಝೊಟೆರೊ ಎಂಬ ಸಾಫ್ಟ್‌ವೇರ್ ಉಚಿತ, ಒಳ್ಳೆಯದು. ವಿವರ ಒಮ್ಮೆ ತುಂಬಿದರೆ ಶಿಕಾಗೋದಿಂದ ಎ.ಪಿ.ಎ.ಗೆ ಒಂದು ಕ್ಲಿಕ್ಕಿನಲ್ಲಿ ಬದಲಾಗುತ್ತದೆ. ಆದರೆ ಥೀಸಿಸ್ ಯೂನಿಕೋಡಿನಲ್ಲಿರಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ಅಡಿಟಿಪ್ಪಣಿ ಒಂದು ಲಿಪಿ, ಮೇಲಿನ ಬರಹ ಇನ್ನೊಂದು ಲಿಪಿ ಎಂಬಂತಾಗುತ್ತದೆ. ಟೈಪಿಂಗ್ ಹೊರಗೆ ಕೊಡುವವರು ಮೊದಲೇ ಹೇಳಿ. ಪತ್ರಿಕೆಯ ವೆಬ್‌ಸೈಟಿನಿಂದ ವಿವರ ತಾನಾಗಿ ಎಳೆದುಕೊಂಡಾಗ ತಾರೀಕು, ಆವೃತ್ತಿ ಕಣ್ಣಾರೆ ನೋಡಿ ಸರಿಪಡಿಸಿ. ಇ-ಪೇಪರಿನ ಕೊಂಡಿಗಳು ಕೆಲವು ತಿಂಗಳಿಗೇ ಸಾಯುತ್ತವೆ. ಪುಟದ ಚಿತ್ರ ಉಳಿಸಿಟ್ಟುಕೊಳ್ಳಿ.

ಹಾಗಾದರೆ ಯಾವುದು?

ವಿಶ್ವವಿದ್ಯಾಲಯದ ನಿಯಮದಲ್ಲಿ ಶೈಲಿ ಹೇಳಿದ್ದರೆ ಅದೇ ಕೊನೆ, ಚರ್ಚೆ ಬೇಡ. ಆಯ್ಕೆ ನಿಮ್ಮದಾದರೆ, ಪತ್ರಿಕೆ-ದಾಖಲೆಗಳ ಮೇಲೆ ನಿಂತ ಇತಿಹಾಸಕ್ಕೆ, ಜಾನಪದಕ್ಕೆ, ಚಳವಳಿಗಳ ಅಧ್ಯಯನಕ್ಕೆ ಶಿಕಾಗೋ ಅಡಿಟಿಪ್ಪಣಿ ಹಿಡಿಯಿರಿ. ಕವಿಯೊಬ್ಬರ, ಕಾದಂಬರಿಕಾರರೊಬ್ಬರ ಅಧ್ಯಯನವಾಗಿದ್ದು, ಒಂದೇ ಪುಸ್ತಕದ ಪುಟಗಳು ಮತ್ತೆ ಮತ್ತೆ ಬರುವುದಾದರೆ ಎಂ.ಎಲ್.ಎ. ಹಗುರ. ಮೀನುಗಾರಿಕೆಯ ಆರ್ಥಿಕತೆ, ಶಾಲಾ ಶಿಕ್ಷಣ ಇಂಥ ವಿಷಯದಲ್ಲಿ ಹತ್ತು ವರ್ಷದೊಳಗಿನ ಜರ್ನಲ್ ಲೇಖನಗಳೇ ತುಂಬಿದ್ದರೆ ಎ.ಪಿ.ಎ. ಸರಿ. ಅಲ್ಲಿ ವರ್ಷ ಮುಂದೆ ಕಾಣುವುದರಲ್ಲಿ ಅರ್ಥವಿದೆ. ಎ.ಪಿ.ಎ.ಯಲ್ಲಿ ಬರೆಯುತ್ತಾ ಇದ್ದರೂ ನಲವತ್ತು ಪತ್ರಿಕೆ ಸುದ್ದಿ ಬಂದವು ಎಂದರೆ ಪತ್ರಿಕೆಯ ಹೆಸರು ಮತ್ತು ದಿನವನ್ನು ವಾಕ್ಯದೊಳಗೇ ಹೇಳಿಬಿಡಿ, ಕಂಸದ ಮೇಲೆ ಭಾರ ಹಾಕಬೇಡಿ.

ಅಜ್ಜನ ವಹಿಯ ಎಲ್ಲ ತುಣುಕುಗಳಿಗೂ ತಾರೀಕು ಸಿಗಲಿಲ್ಲ. ಹಿಂಬದಿಯಲ್ಲಿ ಧಾರಣೆಯಿಲ್ಲ, ಜಾಹೀರಾತಿಲ್ಲ, ಅಂಥವು ಹನ್ನೊಂದು ಉಳಿದವು. ಅವನ್ನು ಬಿಡಲು ಮನಸ್ಸಾಗಲಿಲ್ಲ, ಊಹೆಯ ತಾರೀಕು ಹಾಕಲೂ ಕೈ ಬರಲಿಲ್ಲ. ಗೈಡಿನ ಜೊತೆ ಕುಳಿತು, ಖಾಸಗಿ ಸಂಗ್ರಹದ ದಾಖಲೆಯನ್ನು ತೋರಿಸುವಂತೆ ತೋರಿಸಿದೆ: ತಲೆಬರಹ, ಪತ್ರಿಕೆ ತಿಳಿದಿಲ್ಲ, ದಿನಾಂಕವಿಲ್ಲ, ಪತ್ರಿಕಾ ತುಣುಕು, ಕುಟುಂಬದ ವಹಿ, ಪು. 47, ಶಿರಸಿ. ವಹಿಯಲ್ಲಿ ಪುಟಸಂಖ್ಯೆ ಇರಲಿಲ್ಲ. ಒಂದು ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಪೆನ್ಸಿಲ್ಲಿನಲ್ಲಿ ನಾನೇ ಹಾಕಿದೆ, 1ರಿಂದ 164ರವರೆಗೆ.